ರಿಜಿಸ್ಟರ್ ಆಯ್ತು, ಸರಿ. ಮಾರಿದವರ ಅಕ್ಕತಂಗಿಯರನ್ನು ಕೇಳಿದ್ರಾ?

ನಮ್ಮ ಚಿಕ್ಕಪ್ಪ ಕೊಬ್ಬರಿ ಮಾರಿದ ದುಡ್ಡು, ಚಿಕ್ಕಮ್ಮನ ಸಂಘದ ಸಾಲ ಎಲ್ಲ ಸೇರಿಸಿ ಊರೊಳಗೇ 30-40ರ ಒಂದು ಸೈಟ್ ತಗೊಂಡರು. ಮಾರಿದವರು ಗೊತ್ತಿರುವ ಮನೆಯವರೇ, ಅಣ್ಣತಮ್ಮ ಇಬ್ಬರು. ಅಪ್ಪ ತೀರಿಕೊಂಡ ಮೇಲೆ ಖಾತೆ ಆ ಇಬ್ಬರ ಹೆಸರಿಗೆ ಆಗಿತ್ತು. ಇಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕಿ, ಹೆಬ್ಬೆಟ್ಟು ಕೊಟ್ಟು, ಫೋಟೊ ತೆಗೆಸಿಕೊಂಡರು. ಆಮೇಲೆ ಎದುರಿನ ಹೋಟೆಲ್‌ನಲ್ಲಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದ್ದು ಚಿಕ್ಕಪ್ಪ.

ಎರಡು ವರ್ಷ ಬಿಟ್ಟು ಮನೆ ಕಟ್ಟಲು ಶುರು ಮಾಡಿದರು. ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿತ್ತು. ಆಗ ಕೋರ್ಟಿನಿಂದ ತಡೆಯಾಜ್ಞೆ ಬಂತು. ಮಾರಿದವರಿಗೆ ಒಬ್ಬ ತಂಗಿ ಇದ್ದರು, ಅವರು ಭಾಗಕ್ಕೆ ದಾವೆ ಹಾಕಿದ್ದರು.

ಊರಲ್ಲಿ ಎಲ್ಲರೂ ಬೈದದ್ದು ಆ ಹೆಣ್ಣುಮಗಳನ್ನು. "ಮದುವೆಯಲ್ಲಿ ಅಷ್ಟು ಒಡವೆ ಹಾಕಿಸಿಕೊಂಡು ಹೋದವಳು, ಈಗ ಬಂದ್ಲು ನೋಡು" ಅಂತ. ನಾನೂ ಬೈದಿದ್ದೆ. ಈಗ ನನ್ನ ಅಭಿಪ್ರಾಯ ಬೇರೆ. ಆಕೆ ಕೇಳಿದ್ದು ತನ್ನ ಪಾಲನ್ನು. ಕೇಳದೆ ಕೊಂಡುಕೊಂಡವರು ನಾವು.

ಸೈಟ್ ಕೊಳ್ಳುವವರು ನಮ್ಮ ಕಡೆ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರೇ. ಖಾತೆ ಯಾರ ಹೆಸರಲ್ಲಿದೆ? ಇಸಿ ಕ್ಲಿಯರ್ ಇದೆಯಾ? ರಿಜಿಸ್ಟರ್ ಆಗುತ್ತಾ? ಮೂರಕ್ಕೂ ಹೌದು ಅಂದರೆ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಚಿಕ್ಕಪ್ಪನಿಗೂ ಮೂರಕ್ಕೂ ಹೌದು ಅನ್ನುವ ಉತ್ತರವೇ ಸಿಕ್ಕಿತ್ತು.

ಖಾತೆ ಅಂದರೆ ಏನು? ಈ ಆಸ್ತಿಯ ಕಂದಾಯ ಯಾರು ಕಟ್ಟಬೇಕು ಅಂತ ಪಂಚಾಯ್ತಿ ಬರೆದುಕೊಂಡಿರುವ ಲೆಕ್ಕ. ಇ-ಸ್ವತ್ತಿನ ನಮೂನೆ 9, ನಮೂನೆ 11 ಇಲ್ಲದೆ ಪಂಚಾಯ್ತಿ ಆಸ್ತಿ ರಿಜಿಸ್ಟರ್ ಆಗಲ್ಲ, ಆದ್ದರಿಂದ ಅವು ಬೇಕೇ ಬೇಕು. ಆದರೆ ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಅವರೇ ಮಾಲೀಕರು ಅಂತಲ್ಲ, ಇದನ್ನು ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಅಪ್ಪ ಸತ್ತ ಮೇಲೆ ಗಂಡುಮಕ್ಕಳು ಹೋಗಿ ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಹಾಗಂತ ಹೆಣ್ಣುಮಕ್ಕಳ ಪಾಲು ಮಾಯವಾಗಲ್ಲ.

ಇಸಿ ಕಥೆಯೂ ಅಷ್ಟೆ. ಕಾವೇರಿ ವೆಬ್‌ಸೈಟಿನಲ್ಲಿ ಈಗ ಮನೆಯಲ್ಲೇ ಕೂತು ತೆಗೆಯಬಹುದು. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಕನಿಷ್ಠ 30 ವರ್ಷದ್ದು ತೆಗೆಸಿ. ಆದರೆ ಅದರಲ್ಲಿ ಕಾಣುವುದು ರಿಜಿಸ್ಟರ್ ಆದ ಪತ್ರಗಳು ಮಾತ್ರ. ಬಾಂಡ್ ಪೇಪರ್ ಮೇಲೆ ಬರೆದ ಅಗ್ರಿಮೆಂಟು, ಬಾಯಿಮಾತಿನ ಪಾಲುಪಾರಿಕತ್ತು ಅದರಲ್ಲಿ ಇರಲ್ಲ. ಮಾರುವವರಿಗೆ ತಂಗಿ ಇದ್ದಾರೆ ಅಂತ ಯಾವ ಇಸಿಯೂ ಹೇಳಲ್ಲ.

ಇನ್ನು ರಿಜಿಸ್ಟ್ರೇಷನ್. ಸರ್ಕಾರದ ಸೀಲ್ ಬಿದ್ದ ಮೇಲೆ ಇನ್ನೇನು ಭಯ ಅಂತ ಬಹಳ ಜನ ನಂಬಿದ್ದಾರೆ. ಅಲ್ಲಿ ನೋಡುವುದು ಪತ್ರ ಸರಿಯಿದೆಯಾ, ಸಹಿ ಹಾಕುವವರು ಅವರೇನಾ, ಶುಲ್ಕ ಕಟ್ಟಿದ್ದಾರಾ ಇಂಥವನ್ನು. ಮಾರುವವರಿಗೆ ಮಾರುವ ಹಕ್ಕು ಇದೆಯಾ ಅಂತ ತೀರ್ಮಾನಿಸುವುದು ನೋಂದಣಿ ಅಧಿಕಾರಿಯ ಕೆಲಸ ಅಲ್ಲ. ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಇದನ್ನೇ ಹೇಳಿತು. ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ಈ ಒಂದು ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕು ಅನ್ನುವುದು ನನ್ನ ವಾದ. ಶುಲ್ಕದ ಪಟ್ಟಿ ಹಾಕುತ್ತಾರಲ್ಲ, ಅದರ ಪಕ್ಕದಲ್ಲೇ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ 1ರಿಂದ 2 ರೂಪಾಯಿಗೆ ಏರಿಸಿದರು. ಅಷ್ಟು ತಗೊಂಡ ಮೇಲೆ ಒಂದು ಬೋರ್ಡ್ ಬರೆಸುವುದು ಭಾರವಾಗಲಾರದು.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ, ಎಡವುವುದು ಇಲ್ಲೇ. ಹಿಂದೂ ಕುಟುಂಬದಲ್ಲಿ ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿ, ವಿಲ್ ಬರೆಯದೆ ತೀರಿಕೊಂಡರು ಅಂದರೆ ಮಗಳಿಗೂ ಮಗನಷ್ಟೇ ಪಾಲು, ಹೆಂಡತಿಗೂ ಪಾಲು. ಇದು 1956ರ ಕಾಯ್ದೆಯಲ್ಲೇ ಇದೆ. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಿಂದ ಮಗಳಿಗೂ ಹುಟ್ಟಿನಿಂದಲೇ ಹಕ್ಕು. ಅಪ್ಪ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೆ? ಆಗಲೂ ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ವಿಭಾಗವೋ ಮಾರಾಟವೋ ಆಗಿ ಮುಗಿದಿದ್ದರೆ ಈ ತಿದ್ದುಪಡಿ ಅದನ್ನು ಮುಟ್ಟಲ್ಲ.

"ತಂಗಿಗೆ ಅರಿಶಿನ ಕುಂಕುಮಕ್ಕೆ ಅಂತ ಐವತ್ತು ಸಾವಿರ ಕೊಟ್ಟಿದ್ದೀವಿ, ಬಿಳಿ ಹಾಳೆ ಮೇಲೆ ಸಹಿಯೂ ಇದೆ" ಅನ್ನುವವರಿದ್ದಾರೆ. ಆ ಹಾಳೆಯಿಂದ ಹಕ್ಕು ಹೋಗಲ್ಲ. ಬಿಟ್ಟುಕೊಡುವುದಿದ್ದರೆ ಹಕ್ಕು ಬಿಡುಗಡೆ ಪತ್ರ ಬರೆದು ರಿಜಿಸ್ಟರ್ ಮಾಡಿಸಬೇಕು. ಅದಕ್ಕಿಂತ ಸುಲಭ, ಕ್ರಯಪತ್ರಕ್ಕೇ ಅವರೂ ಬಂದು ಸಹಿ ಹಾಕುವುದು. ಪಾಲುದಾರರಲ್ಲಿ ಇಬ್ಬರೇ ಮಾರಿದರೆ ಕೊಂಡವರಿಗೆ ಬರುವುದು ಆ ಇಬ್ಬರ ಪಾಲು ಮಾತ್ರ. ಚಿಕ್ಕಪ್ಪನಿಗೆ ಆಗಿದ್ದೂ ಅದೇ.

ವಂಶವೃಕ್ಷ ಕೇಳಿ ನೋಡಿ ಅಂತ ವಕೀಲರು ಹೇಳುತ್ತಾರೆ. ಕೇಳಲೇಬೇಕು. ಆದರೆ ಅದರಲ್ಲೂ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸುವವರಿದ್ದಾರೆ. ಹಳ್ಳಿಯಲ್ಲಿ ನಮಗೊಂದು ಅನುಕೂಲ ಇದೆ, ಬೆಂಗಳೂರಿನವರಿಗೆ ಇಲ್ಲದ್ದು. ಆ ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳು, ಯಾವ ಊರಿಗೆ ಕೊಟ್ಟಿದ್ದಾರೆ, ಪಕ್ಕದ ಮನೆ ಅಜ್ಜಿಗೆ ಗೊತ್ತಿರುತ್ತದೆ. ಹತ್ತು ನಿಮಿಷದ ಮಾತು. ನಾವು ಪೇಪರಿನಲ್ಲಿ ತರಬೇತಿಗೆ ಇದ್ದಾಗ ಒಳಪುಟದ ಮೂಲೆಯಲ್ಲಿ "ಸಾರ್ವಜನಿಕ ಪ್ರಕಟಣೆ, ತಕರಾರಿದ್ದರೆ ಇಷ್ಟು ದಿನದೊಳಗೆ ತಿಳಿಸಿ" ಅಂತ ಬರುತ್ತಿತ್ತು. ಪ್ರೂಫ್ ನೋಡುವ ನಾವು ಬಿಟ್ಟರೆ ಅದನ್ನು ಯಾರು ಓದುತ್ತಿದ್ದರೋ. ಅಜ್ಜಿಯೇ ವಾಸಿ.

ಇನ್ನೊಂದು ಮಾತು, ಬೆಲೆ ಕಡಿಮೆ ತೋರಿಸುವ ಬಗ್ಗೆ. ಸೈಟಿಗೆ 9 ಲಕ್ಷ ಕೊಟ್ಟು ಪತ್ರದಲ್ಲಿ 4 ಲಕ್ಷ ಬರೆಸುತ್ತೀರಿ, ಮುದ್ರಾಂಕ ಶುಲ್ಕ ಉಳಿಯಿತು ಅನ್ನುತ್ತೀರಿ. ಅದು ತಪ್ಪು ಅನ್ನುವುದು ಒಂದು ಕಡೆ ಇರಲಿ. ನಾಳೆ ವ್ಯವಹಾರ ಕೆಟ್ಟು ದುಡ್ಡು ವಾಪಸ್ ಕೇಳುವಾಗ ನಿಮ್ಮ ಕೈಲಿರುವ ಸಾಕ್ಷಿ 4 ಲಕ್ಷದ್ದು. ಉಳಿದದ್ದನ್ನು ಕೈಗೆ ಕೊಟ್ಟಿದ್ದೆ ಅಂತ ಯಾರ ಮುಂದೆ ಹೇಳುತ್ತೀರಿ? ಚಿಕ್ಕಪ್ಪ ಈ ತಪ್ಪನ್ನೂ ಮಾಡಿದ್ದರು.

ಜಿಪಿಎ ಮೇಲೆ ಕೊಡುತ್ತೀವಿ ಅಂದರೆ ಎದ್ದು ಬನ್ನಿ. ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಚಿಕ್ಕಪ್ಪನ ಕೇಸು ನಾಲ್ಕು ವರ್ಷ ನಡೆದು ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಆ ಹೆಣ್ಣುಮಗಳಿಗೆ 2 ಲಕ್ಷ ಬೇರೆ ಕೊಟ್ಟರು. ಮಾರಿದ ಅಣ್ಣತಮ್ಮ ಅರ್ಧ ಕೊಡುತ್ತೀವಿ ಅಂದಿದ್ದರು, ಇನ್ನೂ ಕೊಟ್ಟಿಲ್ಲ. ಮಳೆಗೆ ನೆನೆದ ಗೋಡೆಯ ಒಂದು ಭಾಗ ಕೆಡವಿ ಮತ್ತೆ ಕಟ್ಟಿಸಬೇಕಾಯಿತು.

ಹೋದ ತಿಂಗಳು ನಮ್ಮ ಅತ್ತೆಯ ಮಗ ಒಂದು ಹಳೇ ಮನೆ ನೋಡಿದ. ಚಿಕ್ಕಪ್ಪನೂ ಜೊತೆಗೆ ಹೋಗಿದ್ದರು. ಬ್ರೋಕರ್ ಖಾತೆ, ಇಸಿ ಎಲ್ಲ ಹರಡಿದ. ಚಿಕ್ಕಪ್ಪ ಅದನ್ನು ಮುಟ್ಟಲೇ ಇಲ್ಲ. "ಹೆಣ್ಣುಮಕ್ಕಳು ಎಷ್ಟು ಜನ?" ಅಂದರು. "ಅದೆಲ್ಲ ಯಾಕಣ್ಣ ಈಗ?" ಅಂದ ಬ್ರೋಕರ್. ಒಳಗಿನಿಂದ ಮನೆಯ ಯಜಮಾನಿ ಹೇಳಿದರು, "ಇಬ್ರು. ಒಬ್ಳು ಕಡೂರಲ್ಲಿದ್ದಾಳೆ, ಇನ್ನೊಬ್ಳು ದಾವಣಗೆರೆ. ಫೋನ್ ಮಾಡ್ಲಾ?"