ಬಿಡುವಿನ ಕೈಗೆಲಸ: ಗರಗಸಕ್ಕೂ ಶ್ರುತಿ ಬೇಕು

ಸಾಂತಾಕ್ರೂಜಿನ ಸೋದರಿಯೊಬ್ಬರು ಬರೆದಿದ್ದಾರೆ: ಮಗ ಊರಿನ ಅಜ್ಜನಿಗೆಂದು ಸ್ಕ್ರೋಲ್ ಗರಗಸದಲ್ಲಿ ಗಂಡಭೇರುಂಡ ಕೊರೆಯಹೊರಟನಂತೆ. ಒಂದೇ ಸಂಜೆ ನಾಲ್ಕು ಬ್ಲೇಡು ಮುರಿದವು. "ನನಗೆ ಇದು ಬಾರದು" ಎಂದು ಹಲಗೆಯನ್ನು ಮಂಚದಡಿಗೆ ತಳ್ಳಿದ್ದಾನಂತೆ.

ತಾಯೀ, ಹುಡುಗನ ಕೈಯನ್ನು ಹಳಿಯಬೇಡಿ. ಮೊದಲು ಬ್ಲೇಡಿನ ಬಿಗಿಯನ್ನು ನೋಡಿ.

ಮೈಸೂರಿನ ಬೀಟೆಮರದ ಇನ್‌ಲೇ ಕೆಲಸದವರು ಬಣ್ಣಬಣ್ಣದ ತೆಳುಮರದಲ್ಲಿ ಆನೆ, ಹೂಬಳ್ಳಿಗಳನ್ನು ಕೊರೆಯುವುದು ಕೈಯ ಫ್ರೆಟ್ ಗರಗಸದಿಂದ. ಬಿಲ್ಲಿಗೆ ಹೆದೆಯೇರಿಸುವಂತೆ ಅದರ ಚೌಕಟ್ಟನ್ನು ತುಸು ಅದುಮಿ ಬ್ಲೇಡನ್ನು ಕಚ್ಚಿಸಬೇಕು. ಕೈಬಿಟ್ಟೊಡನೆ ಚೌಕಟ್ಟೇ ಅದನ್ನು ಎಳೆದು ಹಿಡಿಯುತ್ತದೆ. ಯಂತ್ರದಲ್ಲಿ ಆ ಕೆಲಸ ಬಿಗಿಮಾಡುವ ತಿರುಪಿನದು.

ಗಂಡಭೇರುಂಡದ ರೆಕ್ಕೆಗಳ ನಡುವೆ ಕಿಂಡಿಗಳಿರುತ್ತವೆಯಷ್ಟೆ? ಪ್ರತಿ ಕಿಂಡಿಗೂ ತೂತು ಕೊರೆದು, ಬ್ಲೇಡಿನ ಮೇಲ್ತುದಿ ಬಿಚ್ಚಿ, ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿಯಬೇಕು. ಅವಸರದಲ್ಲಿ ಎಡವುವುದು ಇಲ್ಲಿಯೇ. ಸಡಿಲವಾದ ಬ್ಲೇಡು ಗೆರೆಬಿಟ್ಟು ಓಡುತ್ತದೆ, ಬಾಗುತ್ತದೆ, ತಿರುವಿನಲ್ಲಿ ಮುರಿಯುತ್ತದೆ. ಅತಿಯಾಗಿ ಬಿಗಿದರೂ ಮುರಿಯುತ್ತದೆ.

ಹದ ತಿಳಿಯುವುದು ಹೇಗೆ? ಪ್ಲಗ್ಗು ಕಿತ್ತು, ತಂಬೂರಿಯಂತೆ ಬ್ಲೇಡನ್ನು ಹಿಂಬದಿಯಿಂದ ಮೀಟಿರಿ. ಮಂಕುದನಿ ಬಂದರೆ ಸಡಿಲ. ಸ್ಪಷ್ಟವಾಗಿ ಮಿಡಿದರೆ ಸರಿ. ಬೆರಳಿನಿಂದ ಪಕ್ಕಕ್ಕೆ ಮೆಲ್ಲನೆ ಒತ್ತಿದರೆ ಸುಮಾರು 3 ಮಿ.ಮೀ.ಗಿಂತ ಹೆಚ್ಚು ಸರಿಯಬಾರದು.

ಬದಲಿಸುವಾಗ ಮೊದಲು ಪ್ಲಗ್ಗು ಕೀಳಿರಿ, ಆಮೇಲೆ ಬಿಗಿ ಸಡಿಲಿಸಿರಿ. ಹೊಸ ಬ್ಲೇಡಿನ ತುದಿಗಳಲ್ಲಿ ಎಣ್ಣೆಯಿದ್ದರೆ ಒರೆಸಿರಿ. ಇಲ್ಲವಾದರೆ ಹಿಡಿಕೆಯಿಂದ ಜಾರೀತು. ಹಲ್ಲುಗಳು ನಿಮ್ಮ ಕಡೆಗೆ, ಮೊನೆ ಕೆಳಗೆ ಇರಲಿ. ಹಲ್ಲು ಮೇಲ್ಮುಖವಾದರೆ ಗರಗಸ ಹಲಗೆಯನ್ನೇ ಎತ್ತಿ ಬಡಿಯುತ್ತದೆ. ಹಲಗೆಯ ದಪ್ಪದೊಳಗೆ ಕನಿಷ್ಠ ಮೂರು ಹಲ್ಲು ಕೂರುವಂಥ ಬ್ಲೇಡನ್ನು ಆರಿಸಿರಿ. ಮರ ಸುಟ್ಟ ವಾಸನೆ ಬಂದರೆ, ಹಲಗೆಯನ್ನು ಬಲವಾಗಿ ನೂಕಬೇಕಾಗಿ ಬಂದರೆ, ಬ್ಲೇಡು ಮೊಂಡಾಯಿತೆಂದು ತಿಳಿದು ಬದಲಿಸಿರಿ. ಮುರಿಯುವ ತನಕ ಕಾಯುವುದು ಉಳಿತಾಯವಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಮರೆಯದಿರಲಿ. ಕೆಲಸ ಮುಗಿದ ಮೇಲೆ ಬಿಗಿ ಇಳಿಸಿಡಿರಿ.

ಬ್ಲೇಡು ಸವೆಯಲೆಂದೇ ಇರುವ ವಸ್ತು. ಪಳಗಿದವರ ಕೈಯಲ್ಲೂ ಮುರಿಯುತ್ತದೆ. ನಾಲ್ಕು ಬ್ಲೇಡಿನ ಬೆಲೆಯನ್ನು ಮಗನ ಮುಂದೆ ಲೆಕ್ಕಹಾಕಬೇಡಿ. ಮಂಚದಡಿಯ ಹಲಗೆಯನ್ನು ನೀವೇ ಹೊರತೆಗೆದು, ಐದನೆಯ ಬ್ಲೇಡನ್ನು ಅವನ ಕೈಗೆ ಕೊಡಿ. ಮೀಟಿ ನೋಡಲಿ, ಕಿವಿಗೆ ಹದ ಸಿಕ್ಕಿದರೆ ಕೈ ತಾನಾಗಿ ಹಿಂಬಾಲಿಸುತ್ತದೆ. ಅಜ್ಜನ ಗೋಡೆಗೆ ಹಕ್ಕಿ ಏರಿದ ದಿನ ನಮಗೂ ಒಂದು ಸಾಲು ಬರೆಯಿರಿ.