ಇಂಗ್ಲೆಂಡಿನ ಹಳ್ಳಿಯ ಚೆಲುವಿಗೆ ಬೆಲೆ ತೆರುವವರು ಯಾರು?

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಸುಮಾರು ಮುಕ್ಕಾಲು ಗಂಟೆ ರೈಲಿನಲ್ಲಿ ಸಾಗಿದರೆ ಡಿಡ್‌ಕಾಟ್ ಸಿಗುತ್ತದೆ. ಅಲ್ಲಿಂದ ಕೆಲವೇ ಮೈಲಿಗಳಲ್ಲಿ ಆಕ್ಸ್‌ಫರ್ಡ್‌ಶೈರಿನ ಹಳ್ಳಿಗಳು. ಹಳೆಯ ಚರ್ಚು, ಹುಲ್ಲು ಹೊದಿಸಿದ ಒಂದೆರಡು ಮನೆ, ಒಂದು ಪಬ್, ಒಂದು ಪ್ರಾಥಮಿಕ ಶಾಲೆ. ಮನೆಗಳ ಸಾಲು ಮುಗಿದೊಡನೆ ಗೋಧಿಯ ಹೊಲ. ಊರು ಎಲ್ಲಿ ಕೊನೆಯಾಯಿತು, ಹೊಲ ಎಲ್ಲಿ ಮೊದಲಾಯಿತು ಎಂಬುದನ್ನು ಗೆರೆ ಎಳೆದು ತೋರಿಸಬಹುದು. ಬೆಂಗಳೂರಿನ ಸುತ್ತಮುತ್ತ ಕಂದಾಯ ನಿವೇಶನಗಳು ಹಬ್ಬಿದ ಪರಿಯನ್ನು ಬಲ್ಲವರಿಗೆ ಈ ಗೆರೆಯೇ ಮೊದಲ ಅಚ್ಚರಿ. ಅಂಥದೊಂದು ಹಳ್ಳಿಯಲ್ಲಿ ಬಾಡಿಗೆಗೆ ಇದ್ದ ನನ್ನ ಮಗಳು ಮತ್ತು ಅಳಿಯ ಅಲ್ಲಿಯೇ ಮನೆ ಕೊಳ್ಳಲು ಹೊರಟಾಗ, ಅವರ ಜೊತೆ ಕೆಲವು ವಾರ ಕಳೆದ ನನಗೆ ಆ ಗೆರೆಯ ಹಿಂದಿನ ಲೆಕ್ಕಾಚಾರವನ್ನು ಹತ್ತಿರದಿಂದ ನೋಡುವ ಅವಕಾಶ ದೊರೆಯಿತು.

ಕೊಳ್ಳುವ ವಿಧಾನದಲ್ಲಿ ಮೆಚ್ಚತಕ್ಕದ್ದೂ ಇದೆ, ತಾಳ್ಮೆಗೆಡಿಸುವುದೂ ಇದೆ. ಭೂ ನೋಂದಣಿ ಇಲಾಖೆಯಲ್ಲಿರುವ ಯಾವುದೇ ಆಸ್ತಿಯ ಹಕ್ಕುದಾಖಲೆಯನ್ನು 7 ಪೌಂಡ್ ಶುಲ್ಕ ತೆತ್ತು ಯಾರು ಬೇಕಾದರೂ ನೋಡಬಹುದು. ಅದರಲ್ಲಿ ನಮೂದಾದ ಮಾಲೀಕತ್ವಕ್ಕೆ ಸರ್ಕಾರದ ಖಾತರಿ ಇದೆ. ನಮ್ಮ ಪಹಣಿಗೆ ಅಂಥ ಬಲವಿಲ್ಲ. ದಾಖಲೆಗಳ ನಡುವೆ ಆಯುಷ್ಯ ಕಳೆದ ನನಗೆ ಇದನ್ನು ಕಂಡು ಅಸೂಯೆಯಾದದ್ದು ನಿಜ. ಆದರೆ ಬೆಲೆ ಒಪ್ಪಿತವಾದ ಮೇಲೂ, ಕರಾರುಪತ್ರಗಳ ವಿನಿಮಯವಾಗುವವರೆಗೆ ಕೊಳ್ಳುವವರಾಗಲಿ ಮಾರುವವರಾಗಲಿ ಯಾವುದಕ್ಕೂ ಬದ್ಧರಲ್ಲ. ಸಾಲಿಸಿಟರಿಗೂ ಸರ್ವೇಯರಿಗೂ ಶುಲ್ಕ ತೆತ್ತು ತಿಂಗಳುಗಟ್ಟಲೆ ಕಾದ ಬಳಿಕ, ಮಾರುವಾತ ಹೆಚ್ಚು ಕೊಡುವವರತ್ತ ತಿರುಗಿಕೊಳ್ಳಬಹುದು. ಮಗಳಿಗೂ ಒಮ್ಮೆ ಹಾಗೆಯೇ ಆಯಿತು. ಹಳ್ಳಿಯ ಮನೆಯಾದರೆ ವಿಚಾರಿಸಬೇಕಾದದ್ದು ಇನ್ನೂ ಹೆಚ್ಚು. ಅನೇಕ ಕಡೆ ಅನಿಲದ ಕೊಳವೆ ಇಲ್ಲ, ತೋಟದ ಮೂಲೆಯ ಟ್ಯಾಂಕಿಗೆ ಎಣ್ಣೆ ತುಂಬಿಸಿ ಮನೆ ಬೆಚ್ಚಗಿಡಬೇಕು. ಒಳಚರಂಡಿ ಇಲ್ಲದಿದ್ದರೆ ಸೆಪ್ಟಿಕ್ ಟ್ಯಾಂಕು. ಅದರ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡುವಂತಿಲ್ಲ. ಮನೆ ಪಾರಂಪರಿಕ ಪಟ್ಟಿಯಲ್ಲಿದ್ದರೆ, ಒಪ್ಪಿಗೆ ಪಡೆಯದೆ ಅದರ ಹಳೆಯ ಕಿಟಕಿ ಬದಲಿಸುವುದೂ ಅಪರಾಧವಾಗಬಹುದು.

ಇಷ್ಟೆಲ್ಲ ತೊಡಕಿದ್ದರೂ ಬೇಡಿಕೆ ತಗ್ಗುವುದಿಲ್ಲ. ಇಂಗ್ಲೆಂಡಿನಲ್ಲಿ ಮಧ್ಯಮ ದರದ ಮನೆಯೊಂದರ ಬೆಲೆ 1997ರಲ್ಲಿ ಪೂರ್ಣಾವಧಿ ನೌಕರನೊಬ್ಬನ ವಾರ್ಷಿಕ ಗಳಿಕೆಯ ಸುಮಾರು ಮೂರೂವರೆ ಪಟ್ಟು ಇತ್ತು. 2024ರಲ್ಲಿ ಅದು 7.7 ಪಟ್ಟು. ಲಂಡನ್ನಿಗೆ ರೈಲು ಸಂಪರ್ಕವಿರುವ ಹಳ್ಳಿಗಳಲ್ಲಿ, ಅಲ್ಲಿಯೇ ಹುಟ್ಟಿ ಅಲ್ಲಿಯೇ ದುಡಿಯುವವರ ಗಳಿಕೆಗೆ ಹೋಲಿಸಿದರೆ, ಅಂತರ ಇನ್ನೂ ದೊಡ್ಡದು.

ಇದಕ್ಕೆ ಕಾರಣ ಹುಡುಕಹೊರಟರೆ ಆ ಗೆರೆಗೇ ಹಿಂತಿರುಗಬೇಕಾಗುತ್ತದೆ. ಅದನ್ನು ಎಳೆದದ್ದು ಕಾನೂನು. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನ ಹೆದ್ದಾರಿಗಳ ಎರಡೂ ಬದಿಗೆ ಮನೆಗಳು ಸಾಲುಗಟ್ಟಿ ಏಳತೊಡಗಿದ್ದವು. ಅದನ್ನು ತಡೆಯಲು 1935ರಲ್ಲಿಯೇ ಒಂದು ಕಾಯ್ದೆ ಬಂತು. ಆಟ್ಲಿಯವರ ಲೇಬರ್ ಸರ್ಕಾರ 1947ರಲ್ಲಿ ತಂದ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇನ್ನೂ ಮುಂದೆ ಹೋಯಿತು. ಭೂಮಿ ಒಡೆಯನದಾಗಿಯೇ ಉಳಿಯಿತು, ಅದರ ಮೇಲೆ ಕಟ್ಟುವ ಹಕ್ಕು ಮಾತ್ರ ಸಮಾಜದ್ದಾಯಿತು. 1955ರ ಬಳಿಕ ನಗರಗಳ ಸುತ್ತ ಹಸಿರು ಪಟ್ಟಿಗಳು ವಿಸ್ತರಿಸಿದವು. ಇಂದು ಇಂಗ್ಲೆಂಡಿನ ಸುಮಾರು ಎಂಟನೇ ಒಂದು ಭಾಗ ಭೂಮಿ ಅವುಗಳಲ್ಲಿದೆ.

ಆದರೆ 1947ರ ಒಪ್ಪಂದಕ್ಕೆ ಇನ್ನೊಂದು ಅರ್ಧವಿತ್ತು ಎಂಬುದು ಈಗ ಹೆಚ್ಚಿನವರ ನೆನಪಿನಲ್ಲಿಲ್ಲ. ಕಟ್ಟಲು ಅನುಮತಿ ದೊರೆತ ಕ್ಷಣದಲ್ಲಿ ಹೊಲದ ಬೆಲೆ ಹತ್ತಾರು ಪಟ್ಟು ಏರುತ್ತದೆ. ಈ ಏರಿಕೆ ಒಡೆಯನ ಶ್ರಮದ ಫಲವಲ್ಲ. ರಿಕಾರ್ಡೊನನ್ನು ಓದಿದ ಯಾವ ವಿದ್ಯಾರ್ಥಿಯೂ ಇದನ್ನು ಗುರುತಿಸಬಲ್ಲ. ಆದ್ದರಿಂದ ಆ ಏರಿಕೆಯಷ್ಟನ್ನೂ ಅಭಿವೃದ್ಧಿ ಶುಲ್ಕವಾಗಿ ಸರ್ಕಾರ ಪಡೆಯಬೇಕೆಂದು ಕಾಯ್ದೆ ವಿಧಿಸಿತು. ನೂರಕ್ಕೆ ನೂರು ಕಿತ್ತುಕೊಂಡರೆ ಮಾರುವ ಆಸಕ್ತಿಯಾದರೂ ಯಾರಿಗಿರುತ್ತದೆ? ಭೂಮಾಲೀಕರು ಕೈಕಟ್ಟಿ ಕುಳಿತರು. ಕನ್ಸರ್ವೇಟಿವ್ ಸರ್ಕಾರ 1953ರ ಕಾಯ್ದೆಯಿಂದ ಶುಲ್ಕವನ್ನು ರದ್ದುಮಾಡಿತು. 1967ರಲ್ಲಿ ಲೇಬರ್ ಸರ್ಕಾರ ಶೇ 40ರ ಇನ್ನೊಂದು ತೆರಿಗೆ ತಂದಿತು, ಅದೂ ನಾಲ್ಕೈದು ವರ್ಷ ಬಾಳಲಿಲ್ಲ. 1976ರಲ್ಲಿ ಬಂದ ಮೂರನೆಯದು 1985ರಲ್ಲಿ ಕೊನೆಗೊಂಡಿತು. ನಿರ್ಬಂಧ ಉಳಿಯಿತು, ವಸೂಲಿ ಹೋಯಿತು. ಈಗ ಉಳಿದಿರುವುದು ಅನುಮತಿ ನೀಡುವಾಗ ಸ್ಥಳೀಯ ಆಡಳಿತ ಚೌಕಾಸಿ ಮಾಡಿ ಪಡೆಯುವ ಶಾಲೆ, ರಸ್ತೆ, ಕೈಗೆಟುಕುವ ದರದ ಕೆಲವು ಮನೆಗಳು.

ಇನ್ನೊಂದು ಆಸರೆಯೂ ಸಡಿಲವಾಯಿತು. ಥ್ಯಾಚರ್ ಸರ್ಕಾರದ 1980ರ ವಸತಿ ಕಾಯ್ದೆ ಕೌನ್ಸಿಲ್ ಮನೆಗಳನ್ನು ಬಾಡಿಗೆದಾರರೇ ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ನೀಡಿತು. ಅಂದಿನಿಂದ ಇಂಗ್ಲೆಂಡಿನಲ್ಲಿ 20 ಲಕ್ಷದಷ್ಟು ಮನೆಗಳು ಮಾರಾಟವಾಗಿವೆ. ಕೊಂಡ ಬಾಡಿಗೆದಾರನಿಗೆ ಅದು ವರವೇ ಆಯಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಅಂಥ ಮನೆಗಳು ಹತ್ತೋ ಹದಿನೈದೋ ಇದ್ದ ಹಳ್ಳಿಯಲ್ಲಿ ಅವು ಮುಕ್ತ ಮಾರುಕಟ್ಟೆಗೆ ಸೇರಿದ ಮೇಲೆ, ಮುಂದಿನ ತಲೆಮಾರಿಗೆ ಉಳಿದದ್ದು ಸಮೀಪದ ಪಟ್ಟಣದ ಬಾಡಿಗೆ ಮನೆ. ಮಗಳ ಹಳ್ಳಿಯಲ್ಲಿ ವೃದ್ಧರ ಆರೈಕೆಗೆ ಬರುವ ಹೆಂಗಸು ಹುಟ್ಟಿದ್ದು ಅದೇ ಬೀದಿಯಲ್ಲಿ. ಈಗ ದಿನವೂ ಕಾರಿನಲ್ಲಿ ಡಿಡ್‌ಕಾಟಿನಿಂದ ಬರುತ್ತಾಳೆ.

ನಾನು ಅಲ್ಲಿದ್ದಾಗ ಊರಂಚಿನ ಹೊಲವೊಂದರಲ್ಲಿ ಹನ್ನೆರಡು ಮನೆ ಕಟ್ಟುವ ಪ್ರಸ್ತಾವ ಬಂತು. ಕೆಲವು ಮನೆಗಳು ಸ್ಥಳೀಯರಿಗೇ ಮೀಸಲು. ನೆರೆಯವರೊಬ್ಬರು ಆಕ್ಷೇಪಣೆಯ ಕರಪತ್ರ ಹಿಡಿದು ಬಾಗಿಲಿಗೆ ಬಂದರು. ವಾಹನ ದಟ್ಟಣೆ, ನೀರಿನ ಹರಿವು, ಊರಿನ ಲಕ್ಷಣ ಎಂದು ಕಾರಣಗಳು ಸಾಲಾಗಿದ್ದವು. ಮನೆಯ ಬೆಲೆ ಇಳಿದೀತೆಂಬ ಭಯಕ್ಕೆ ಅಲ್ಲಿ ಜಾಗವಿರಲಿಲ್ಲ, ಯೋಜನಾಧಿಕಾರಿ ಅದನ್ನು ಪರಿಗಣಿಸುವಂತಿಲ್ಲ. ಕರಾರಿಗೆ ಇನ್ನೂ ಸಹಿ ಹಾಕಿರದ ಅಳಿಯನೂ ಆಕ್ಷೇಪಣೆ ಬರೆಯುವ ಬಗ್ಗೆ ಯೋಚಿಸುತ್ತಿದ್ದನು. ನಾನು ಬೇಡವೆಂದೆ. ಒಮ್ಮೆ ಸಾಲ ಮಾಡಿ ಆ ನೋಟವನ್ನು ಕೊಂಡವರು ಅದರ ಕಾವಲಿಗೆ ನಿಲ್ಲುವುದು ಸಹಜವೇ, ಆದರೆ ಆರೈಕೆಯ ಆ ಹೆಂಗಸಿಗೆ ಕರಪತ್ರ ತಲುಪಿರಲಿಲ್ಲ. ಪ್ರಸ್ತಾವದ ಬಗ್ಗೆ ಆಕೆಯ ಅಭಿಪ್ರಾಯವನ್ನು ಯಾರೂ ಕೇಳಿರಲೂ ಇಲ್ಲ.

ಸರ್ಕಾರ ಸುಮ್ಮನಿಲ್ಲ. ಎರಡನೆಯ ಮನೆಗಳಿಗೆ ಸ್ಥಳೀಯ ಸಂಸ್ಥೆಗಳು ಕೌನ್ಸಿಲ್ ತೆರಿಗೆಯನ್ನು ಇಮ್ಮಡಿಗೊಳಿಸಲು 2025ರ ಏಪ್ರಿಲ್‌ನಿಂದ ಅವಕಾಶ ದೊರೆತಿದೆ. ಅದಕ್ಕೂ ಮೊದಲು, 2016ರಲ್ಲಿ, ಕಾರ್ನ್‌ವಾಲಿನ ಸೇಂಟ್ ಐವ್ಸ್ ಜನಮತ ಪಡೆದು ಹೊಸ ಮನೆಗಳು ಖಾಯಂ ನಿವಾಸಿಗಳಿಗೇ ಎಂದು ನಿಯಮ ಮಾಡಿತು. ಹಳೆಯ ಮನೆಗಳಿಗೆ ಅದು ಅನ್ವಯಿಸದು, ಹಣವಂತರು ಅತ್ತ ತಿರುಗಲು ಅಡ್ಡಿಯೇನಿಲ್ಲ. 2024ರ ಡಿಸೆಂಬರಿನ ಪರಿಷ್ಕೃತ ನೀತಿ ವರ್ಷಕ್ಕೆ 3.7 ಲಕ್ಷ ಮನೆಗಳ ಗುರಿ ಇರಿಸಿದೆ, ಹಸಿರು ಪಟ್ಟಿಯ ಕಡಿಮೆ ಮಹತ್ವದ ಭಾಗಗಳನ್ನು ತೆರೆದಿದೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು 2023ರ ಕಾಯ್ದೆಯ, ಅಷ್ಟಾಗಿ ಚರ್ಚೆಯಾಗದ ಒಂದು ಅಂಶ. ಕೈಗೆಟುಕುವ ವಸತಿಯಂಥ ಉದ್ದೇಶಕ್ಕೆ ಭೂಮಿಯನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವಾಗ, ಮುಂದೆ ಅನುಮತಿ ಸಿಕ್ಕೀತೆಂಬ ನಿರೀಕ್ಷೆಯ ಬೆಲೆಯನ್ನು ಪರಿಹಾರದಿಂದ ಕೈಬಿಡಲು ಸರ್ಕಾರದ ಒಪ್ಪಿಗೆ ಕೇಳಬಹುದು. 1947ರಲ್ಲಿ ಹೊಳೆದ ವಿಚಾರದ ಒಂದು ತುಣುಕು ಇದು. ಹೊಲವನ್ನು ಹೊಲದ ಬೆಲೆಗೆ ಕೊಂಡು ಹನ್ನೆರಡು ಮನೆ ಕಟ್ಟುವ ಧೈರ್ಯ ಜಿಲ್ಲಾ ಕೌನ್ಸಿಲ್‌ಗಳಿಗೆ ಬರುವುದಾದರೆ, ಗೆರೆಯನ್ನು ಅಳಿಸುವ ಅಗತ್ಯ ಬೀಳದು. ಕೆಲವು ಕಡೆ ಸ್ವಲ್ಪ ಬಾಗಿಸಿದರೆ ಸಾಕು.