ತಾರ್ಲೆಯ ಧಾರಣೆಯನ್ನು ಕಟ್ಟುವವರಾರು?

2024ನೆಯ ಮಾರ್ಚ 11ರಂದು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಧಾರಣೆ ಕುಸಿಯಲು, ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿಯಿಟ್ಟುದನ್ನು ವಾಚಕರು ಮರೆತಿರಲಾರರು. ಬೆಳೆದವನ ಕೈಯಲ್ಲಿ ಬೆಲೆಯಿಲ್ಲವೆಂಬ ಪಾಠವನ್ನು ಅಂದು ನಾವೆಲ್ಲರೂ ಕಲಿತೆವು. ಅದೇ ಮೆಣಸಿನಕಾಯಿಯೊಡನೆ ಸಾರಿನಲ್ಲಿ ಕೂಡುವ ತಾರ್ಲೆ ಮೀನಿನ ಗತಿಯೂ ಬೇರೆಯಲ್ಲ.

ಮಂಗಳೂರಿನ ಕಡೆಯವರು ಬೂತಾಯಿ ಎನ್ನುವ ಈ ಮೀನು ಬಡವರ ಆಹಾರವು. ಕುಮಟಾ–ಶಿರಸಿ ಮಾರ್ಗವಾಗಿ ಘಟ್ಟವೇರಿದರೆ ಹಾವೇರಿ ಕರಾವಳಿಗೆ ದೂರವಲ್ಲ. ಆದರೆ ಇದನ್ನು ಕೆರೆಯಲ್ಲಿ ಸಾಕಿ ಬೆಳೆಸಲಾಗದು. ಕಡಲು ಕೊಟ್ಟಷ್ಟೇ ನಮಗೆ. ಕೇರಳದ ತೀರದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕ ತಾರ್ಲೆಯು 2021ರಲ್ಲಿ ನಾಲ್ಕು ಸಾವಿರ ಟನ್ನಿಗಿಂತಲೂ ಕೆಳಗಿಳಿಯಿತು. ಇಂಥ ಅಭಾವದಲ್ಲಿ ಬೆಲೆ ಏರುವುದು ಸಹಜವೇ ಸರಿ.

ವಿಚಾರ ಮಾಡತಕ್ಕ ಸಂಗತಿಯು ಬೇರೊಂದಿದೆ. ಮೀನು ಹೇರಳವಾದಾಗಲೂ ಅದರ ದೊಡ್ಡ ಪಾಲು ಕರಾವಳಿಯ ಕಾರಖಾನೆಗಳಲ್ಲಿ ಎಣ್ಣೆಯೂ ಹುಡಿಯೂ ಆಗುತ್ತದೆ. ಆ ಹುಡಿಯು ಸಿಗಡಿಯ ಹೊಂಡಗಳಿಗೆ ಮೇವು; ಸಿಗಡಿಯು ಅಮೇರಿಕೆಯ ಊಟದ ಮೇಜಿಗೆ. ಮೀನುಹುಡಿಯ ಜಾಗತಿಕ ಧಾರಣೆಯು ಬಹುಮಟ್ಟಿಗೆ ಪೆರು ದೇಶದ ಆಂಚೊವಿ ಎಂಬ ಕಿರುಮೀನನ್ನೂ, ಅದನ್ನು ಕೊಳ್ಳುವ ಚೀನವನ್ನೂ ಅವಲಂಬಿಸಿದೆ. 2023ರಲ್ಲಿ ಕಡಲ ನೀರು ಬಿಸಿಯಾಗಿ, ಪೆರು ಸರಕಾರವು ವರುಷದ ಮೊದಲ ಮೀನುಗಾರಿಕೆಯನ್ನೇ ರದ್ದುಗೊಳಿಸಿತು. ಹುಡಿಯ ಬೆಲೆ ಲೋಕದಲ್ಲೆಲ್ಲ ಏರಿತು. ಹೀಗೆ ಬೆಲೆಯೇರಿದಾಗ ನಮ್ಮ ಬಂದರದ ಸವಾಲಿನಲ್ಲಿ ಕಾರಖಾನೆಯವನ ಕೈ ಮೇಲಾಗುವುದು. ರಾಣೇಬೆನ್ನೂರಿನ ಕೂಲಿಯವನು ಆ ಕೈಯೊಡನೆ ಪೈಪೋಟಿ ಮಾಡಬಲ್ಲನೇ?

ಬೆಸ್ತನಿಗೆ ನಾಲ್ಕು ಕಾಸು ಹೆಚ್ಚು ದೊರೆತರೆ ತಪ್ಪೇನೆಂದು ಕೆಲವರು ಕೇಳಬಹುದು. ತಪ್ಪಿಲ್ಲ, ಡೀಸೆಲಿನ ವೆಚ್ಚ ಹೊತ್ತು ಕಡಲಿಗಿಳಿಯುವವನಿಗೆ ಅದು ಸಲ್ಲತಕ್ಕದ್ದೇ. ಆದರೆ ಹುಡಿಗೆ ದೊಡ್ಡ ಮೀನು ಬೇಕಿಲ್ಲ, ಮರಿಯೂ ಸಾಕು. ಮೊಟ್ಟೆಯಿಡುವ ಮೊದಲೇ ಮರಿಯನ್ನು ಹಿಡಿದರೆ ಮುಂದಿನ ವರುಷ ಬೆಸ್ತನ ಬಲೆಯೇ ಬರಿದಾಗುವುದು. ಕೇರಳವು 2015ರಲ್ಲಿಯೇ 10 ಸೆಂಟಿಮೀಟರಿಗಿಂತ ಕಿರಿಯ ತಾರ್ಲೆಯನ್ನು ಹಿಡಿಯಬಾರದೆಂದು ಕಟ್ಟುಮಾಡಿತು. ನಮ್ಮ ಬಂದರುಗಳಲ್ಲಿಯೂ, ವಿಶೇಷವಾಗಿ ಕಾರಖಾನೆಗಳ ಬಾಗಿಲಲ್ಲಿಯೂ, ಇಂಥ ಅಳತೆಯು ನಿಷ್ಠುರವಾಗಿ ನಡೆಯಬೇಕು. ಮನುಷ್ಯನು ತಿನ್ನಬಲ್ಲ ಮೀನು ಮೊದಲು ಪೇಟೆಗೆ, ಉಳಿದುದು ಕಾರಖಾನೆಗೆ ಎಂಬ ಕ್ರಮವನ್ನು ಸರಕಾರವು ವಿಧಿಸಬೇಕು. ಬಂದರದ ಅಂದಂದಿನ ಧಾರಣೆಯನ್ನು ನಮ್ಮ ಮೂರೂ ಊರುಗಳ ಮೀನುಪೇಟೆಯಲ್ಲಿ ಬರೆದು ತೂಗಹಾಕುವುದು ಪುರಸಭೆ ನಗರಸಭೆಗಳಿಗೆ ಭಾರವಾಗದು.

ಪೆರುವಿನ ಕಡಲನ್ನು ನಾವು ಆಳಲಾರೆವು. ನಮ್ಮ ಕಡಲಿನ ಮರಿಯನ್ನಾದರೂ ಕಾಯಬಲ್ಲೆವು.